ಫೋನಿಗೂ ಚಾರ್ಜ್, ಲಾಠಿಗೂ ಚಾರ್ಜ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಫೋನಿಗೆ ಚಾರ್ಜ್ ಹಾಕುತ್ತೇವೆ. ಪೊಲೀಸರು ಲಾಠಿ ಚಾರ್ಜ್ ಮಾಡುತ್ತಾರೆ. ಹೊಸ ಸಾಹೇಬರು ಚಾರ್ಜ್ ತಗೊಳ್ಳುತ್ತಾರೆ. ಹೋಟೆಲಿನವರು ಸರ್ವಿಸ್ ಚಾರ್ಜ್ ಹಾಕುತ್ತಾರೆ. ಇಷ್ಟೆಲ್ಲ ಒಂದೇ ಪದವೇ? ಎಂಟನೇ ತರಗತಿಯ ಮಕ್ಕಳಿಗೆ ಹೇಗೆ ವಿವರಿಸಲಿ?
— ಪ್ರೌಢಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಒಂದೇ ಪದ. ಮಕ್ಕಳಿಗೆ ಎತ್ತಿನ ಗಾಡಿಯಿಂದ ಶುರು ಮಾಡಿ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಗಾಡಿ, ‘ಕಾರ್ರಿಕಾರೆ’ ಅಂದರೆ ಗಾಡಿಗೆ ಹೇರುವುದು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಕಾರು, ಕ್ಯಾರಿ, ಕಾರ್ಗೊ ಇವೆಲ್ಲ ಅದರ ದಾಯಾದಿಗಳು. ವ್ಯಂಗ್ಯಚಿತ್ರಕ್ಕೆ ಹೇಳುವ ‘ಕ್ಯಾರಿಕೇಚರ್’ ಕೂಡ ಅದೇ ಮನೆತನದ್ದು: ಮೂಗನ್ನೋ ಮೀಸೆಯನ್ನೋ ಮಿತಿಮೀರಿ ಹೇರಿದ ಚಿತ್ರ.

ಕನ್ನಡದಲ್ಲೂ ಇದೇ ಹೊರೆಯ ಚಿತ್ರ ಇದೆ, ನಾವು ಗಮನಿಸುವುದಿಲ್ಲ ಅಷ್ಟೆ. ಆರೋಪವನ್ನು ‘ಹೊರಿಸುತ್ತೇವೆ’, ತೆರಿಗೆಯನ್ನು ‘ಹೇರುತ್ತೇವೆ’, ಹೊಣೆಯನ್ನು ‘ಹೊರುತ್ತೇವೆ’. ಕಚೇರಿಯ ‘ಪ್ರಭಾರ’ದಲ್ಲಿ, ಜಮೀನಿನ ‘ಋಣಭಾರ’ದಲ್ಲಿ ಭಾರ ನೇರವಾಗಿಯೇ ಕೂತಿದೆ. ಆದ್ದರಿಂದ ಎಲ್ಲೇ ‘ಚಾರ್ಜ್’ ಕಂಡರೂ ಹೊರೆ ಯಾವುದು, ಹೊತ್ತವರು ಯಾರು ಎಂದು ಕೇಳಲು ಹೇಳಿ. ಬಹುಪಾಲು ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಉಳಿಯುವುದು ಲಾಠಿ ಮತ್ತು ಫೋನು. ಎರಡಕ್ಕೂ ದಾರಿ ಆಯುಧದ್ದು. ಒಂದು ಸಲ ಹಾರಿಸಲು ಬಂದೂಕಿಗೆ ತುಂಬುವ ಮದ್ದಿನ ಅಳತೆಗೆ ಚಾರ್ಜ್ ಎಂದರು. ಆಯುಧ ಸಜ್ಜುಗೊಳಿಸಿ ಶತ್ರುವಿನ ಮೇಲೆ ನುಗ್ಗುವುದೂ ಚಾರ್ಜ್ ಆಯಿತು. ನಮ್ಮ ‘ಲಾಠಿ ಚಾರ್ಜ್’ ಇಂಗ್ಲಿಷಿಗೆ ಭಾರತದ ಸೇರ್ಪಡೆ. ಬ್ರಿಟನ್ನಿನಲ್ಲಿ ‘ಬ್ಯಾಟನ್ ಚಾರ್ಜ್’ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ‘ಲಾಠಿ ಪ್ರಹಾರ’ ಎಂದು ಬರೆಯುವುದು ಸರಿಯಾಗಿಯೇ ಇದೆ. ಮುಂದೆ ‘ಲಘು’ ಸೇರಿಸುವುದು ಮಾತ್ರ ಬೆನ್ನಿಗೆ ಏಟು ಬಿದ್ದವರನ್ನು ಕೇಳಿ ಮಾಡಬೇಕಾದ ಕೆಲಸ.

ಇನ್ನು ಫೋನಿನ ಕಥೆ. 1740ರ ದಶಕದಲ್ಲಿ ಲೇಡನ್ ಜಾಡಿ ಎಂಬ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ತುಂಬಿಡುವ ಪ್ರಯೋಗ ನಡೆಯಿತು. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅದಕ್ಕೂ ‘ಚಾರ್ಜ್’ ಎಂಬ ಬಂದೂಕಿನ ಮಾತನ್ನೇ ಬಳಸಿದ. ಜಾಡಿಗಳ ಸಾಲಿಗೆ ‘ಬ್ಯಾಟರಿ’ ಎಂದವನೂ ಅವನೇ. ಅದು ಫಿರಂಗಿ ಸಾಲಿನ ಹೆಸರು. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಈ ವಿದ್ಯುತ್ತಿನ ಚಾರ್ಜ್ ‘ವಿದ್ಯುದಾವೇಶ’. ಮೈಮೇಲೆ ದೈವ ಬರುವುದಕ್ಕೂ ಆವೇಶ ಎನ್ನುವ ನಾಡಿನಲ್ಲಿ ಒಳ್ಳೆಯ ಪದವೇ.

ಆದರೆ ಆ ಪದವನ್ನು ಫೋನಿಗೆ ಅಂಟಿಸಬೇಡಿ. ಫೋನ್ ಚಾರ್ಜ್ ಆಗುವಾಗ ಬ್ಯಾಟರಿಯ ಒಂದು ತುದಿಯಲ್ಲಿ ಎಷ್ಟು ಎಲೆಕ್ಟ್ರಾನು ಒಳಗೆ ಹೋಗುತ್ತವೋ ಇನ್ನೊಂದು ತುದಿಯಿಂದ ಅಷ್ಟೇ ಹೊರಬರುತ್ತವೆ. ಒಟ್ಟು ಆವೇಶ ಹೆಚ್ಚುವುದಿಲ್ಲ. ರಾಸಾಯನಿಕ ಶಕ್ತಿ ಹೆಚ್ಚುತ್ತದೆ. 5000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಎಂಬ ಬರಹ ಬ್ಯಾಟರಿಯ ಮೂಲಕ ಹರಿಯಬಲ್ಲ ಆವೇಶದ ಲೆಕ್ಕ, ಅಂದರೆ 18,000 ಕೂಲಂಬ್. ಫೋನಿನ ಮಟ್ಟಿಗೆ ‘ಚಾರ್ಜ್’ ಈಗ ಕನ್ನಡ ಪದವೇ, ಹಾಗೇ ಇರಲಿ.

ಪ್ರಶ್ನೆ: ‘ಚಾರ್ಜ್‌ಶೀಟ್’, ‘ಚಾರ್ಜ್ ಫ್ರೇಮ್’, ‘ಡಿಸ್ಚಾರ್ಜ್’ ಮೂರನ್ನೂ ಕನ್ನಡ ವರದಿಗಳಲ್ಲಿ ಕಲಸಿಬಿಡುತ್ತಾರೆ. ಸರಿಯಾಗಿ ಹೇಗೆ ಬರೆಯಬೇಕು?
— ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ

ಉತ್ತರ: ಯಾರು ಮಾಡುವ ಕೆಲಸ ಎಂಬುದನ್ನು ಮೊದಲು ನೋಡಿ. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ ‘ಚಾರ್ಜ್‌ಶೀಟ್’. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 193ನೇ ಕಲಮು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 173 ಆಗಿತ್ತು. ಇದಕ್ಕೆ ‘ದೋಷಾರೋಪ ಪಟ್ಟಿ’ ಅಥವಾ ‘ಆರೋಪಪಟ್ಟಿ’ ಬರೆಯಿರಿ, ‘ಸಲ್ಲಿಸಿದರು’ ಎಂದು ಮುಗಿಸಿ. ಅದರಿಂದ ಯಾವ ಆರೋಪವೂ ಸಾಬೀತಾಗುವುದಿಲ್ಲ.

‘ಚಾರ್ಜ್ ಫ್ರೇಮ್’ ಮಾಡುವುದು ನ್ಯಾಯಾಲಯ, ಪೊಲೀಸರಲ್ಲ. ವಿಚಾರಣೆ ನಡೆಸಲು ತಕ್ಕ ಆಧಾರ ಇದೆ ಎನಿಸಿದರೆ ನ್ಯಾಯಾಧೀಶರು ಆರೋಪವನ್ನು ಬರಹಕ್ಕಿಳಿಸಿ, ಆರೋಪಿಗೆ ಓದಿ ಹೇಳಿ, ತಪ್ಪೊಪ್ಪಿಕೊಳ್ಳುತ್ತೀರಾ ಅಥವಾ ವಿಚಾರಣೆ ಬೇಕೇ ಎಂದು ಕೇಳುತ್ತಾರೆ. ಇದು ‘ಆರೋಪ ನಿಗದಿ’. ಆಧಾರ ಸಾಲದು ಎನಿಸಿದರೆ ಅಲ್ಲಿಗೇ ‘ಡಿಸ್ಚಾರ್ಜ್’.

ಎಡವಟ್ಟಾಗುವುದು ಇಲ್ಲೇ. ಡಿಸ್ಚಾರ್ಜ್‌ಗೂ, ವಿಚಾರಣೆ ಮುಗಿದ ಮೇಲಿನ ‘ಅಕ್ವಿಟಲ್’ ಎಂಬ ಖುಲಾಸೆಗೂ ‘ಆರೋಪಮುಕ್ತ’ ಎಂದೇ ಬರೆದರೆ ಓದುಗ ಮೋಸಹೋಗುತ್ತಾನೆ. ಖುಲಾಸೆಯಾದವರನ್ನು, ಆ ತೀರ್ಪು ಊರ್ಜಿತದಲ್ಲಿರುವವರೆಗೆ, ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಡಿಸ್ಚಾರ್ಜ್ ಆದವರಿಗೆ ಆ ರಕ್ಷಣೆ ಇಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಮೊಕದ್ದಮೆ ಮತ್ತೆ ಏಳಬಹುದು. ಹಾಗಾಗಿ ಡಿಸ್ಚಾರ್ಜ್‌ಗೆ ‘ಪ್ರಕರಣದಿಂದ ಕೈಬಿಟ್ಟಿತು’, ಅಕ್ವಿಟಲ್‌ಗೆ ‘ಖುಲಾಸೆಗೊಳಿಸಿತು’ ಎಂದು ಬೇರ್ಪಡಿಸಿ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ‘ಬಸ್ ಚಾರ್ಜ್’ ಅಂದಿದ್ದಕ್ಕೆ ತಿದ್ದಿದರು. ತಪ್ಪೇನು?
— ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಕನ್ನಡದಲ್ಲಿ ಬಸ್ ಚಾರ್ಜು ಸರಿ. ಇಂಗ್ಲಿಷಿನಲ್ಲಿ ಪ್ರಯಾಣದ ಹಣ ‘ಫೇರ್’. ಆಟೊದ ‘ಮಿನಿಮಮ್ ಚಾರ್ಜ್’ ಕೂಡ ಮಿನಿಮಮ್ ಫೇರ್. ಡಾಕ್ಟರು, ವಕೀಲರು, ಕಾಲೇಜಿನವರು ಪಡೆಯುವುದು ‘ಫೀ’, ಹೆದ್ದಾರಿಯದು ‘ಟೋಲ್’, ಮನೆಯದು ‘ರೆಂಟ್’, ಅಂಗಡಿಯ ಸಾಮಾನಿನದು ‘ಪ್ರೈಸ್’. ಸೇವೆಯೊಂದಕ್ಕೆ ಕೇಳುವ ಹಣಕ್ಕೆ, ಅದರಲ್ಲೂ ಬಿಲ್ಲಿನ ಮೇಲೆ ಬೇರೆಯಾಗಿ ಸೇರಿಸುವ ಬಾಬ್ತಿಗೆ, ‘ಚಾರ್ಜ್’ ಸಲ್ಲುತ್ತದೆ. ಡೆಲಿವರಿ ಚಾರ್ಜ್, ಕರೆಂಟು ಬಿಲ್ಲಿನ ಫಿಕ್ಸೆಡ್ ಚಾರ್ಜ್ ಹೀಗೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಈ ಫಿಕ್ಸೆಡ್ ಚಾರ್ಜ್ ಬರುವುದೇಕೆಂದರೆ, ಅದು ಉರಿಸಿದ ಯೂನಿಟ್ಟಿಗಲ್ಲ, ಮಂಜೂರಾದ ಕಿಲೋವ್ಯಾಟಿಗೆ.

ಕ್ರಿಯಾಪದವಾದಾಗ ಜೊತೆಗೆ ಬರುವ ಪುಟ್ಟ ಪದಗಳು ಕಾಲೆಳೆಯುತ್ತವೆ. ‘ಚಾರ್ಜ್ಡ್ ಆಫ್ ಥೆಫ್ಟ್’ ತಪ್ಪು, ‘ಚಾರ್ಜ್ಡ್ ವಿತ್ ಥೆಫ್ಟ್’ ಸರಿ. ‘ಅಕ್ಯೂಸ್ಡ್’ ಬಂದರೆ ಮಾತ್ರ ‘ಆಫ್’. ನಾಮಪದವಾದರೆ ಮತ್ತೆ ತಿರುಗುತ್ತದೆ: ‘ಆನ್ ಎ ಚಾರ್ಜ್ ಆಫ್ ಥೆಫ್ಟ್’. ಹಣದ ಮಾತಾದರೆ ‘ಚಾರ್ಜ್ ಫಾರ್ ಡೆಲಿವರಿ’. ಇನ್ನು ನಮ್ಮ ಕೆಲವು ಜಾಹೀರಾತುಗಳಲ್ಲಿ ಪುಕ್ಕಟೆ ಎಂಬುದಕ್ಕೆ ಬರೆಯುವ ‘ಉಚಿತ ಶುಲ್ಕ’ಕ್ಕೆ ಆ ಅರ್ಥ ಬರುವುದಿಲ್ಲ. ‘ಉಚಿತ’ ಸಾಕು.

ಪ್ರಶ್ನೆ: ಬೆಳೆಸಾಲ ತೀರಿಸಿಯಾಯಿತು. ಆದರೂ ಜಮೀನಿನ ಮೇಲೆ ‘ಚಾರ್ಜ್’ ಇದೆ ಎನ್ನುತ್ತಾರೆ. ಇದು ಅಡಮಾನವೇ?
— ರೈತರು, ದಾವಣಗೆರೆ ಜಿಲ್ಲೆ

ಉತ್ತರ: ಅಡಮಾನವಲ್ಲ, ಋಣಭಾರ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಎರಡನ್ನೂ ಬೇರೆಬೇರೆ ಇಟ್ಟಿದೆ. ಅಡಮಾನದಲ್ಲಿ ಆಸ್ತಿಯ ಮೇಲಿನ ಹಕ್ಕಿನ ಒಂದು ಪಾಲು ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ. ಋಣಭಾರದಲ್ಲಿ ಹಕ್ಕು ನಿಮ್ಮಲ್ಲೇ ಇರುತ್ತದೆ, ಆದರೆ ಸಾಲಕ್ಕೆ ಆ ಜಮೀನು ಭದ್ರತೆ.

ಹಣ ಕಟ್ಟಿದ ಮಾತ್ರಕ್ಕೆ ದಾಖಲೆ ತಾನಾಗಿ ಅಳಿಸಿಹೋಗುತ್ತದೆ ಎಂದು ನಂಬಿ ಕೂರಬೇಡಿ. ಮೊದಲು ಬ್ಯಾಂಕು ಅಥವಾ ಸೊಸೈಟಿಯಿಂದ ಬೇಬಾಕಿ ಪತ್ರ ಪಡೆಯಿರಿ. ಅದರಲ್ಲಿ ಸರ್ವೆ ನಂಬರು, ಸಾಲದ ಖಾತೆ ನಂಬರು ಎರಡೂ ಇರಲಿ. ಋಣಭಾರ ಬಿಡುಗಡೆಯ ಪತ್ರ ಉಪನೋಂದಣಿ ಕಚೇರಿಗೆ ಹೋಯಿತೇ ಎಂದು ಬ್ಯಾಂಕಿನವರನ್ನೇ ಕೇಳಿ. ಆಮೇಲೆ ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಋಣಗಳು ದಾಖಲಾಗುವುದು ಅಲ್ಲೇ. ಇ.ಸಿ. (ಋಣಭಾರ ಪ್ರಮಾಣಪತ್ರ) ಕೂಡ ತೆಗೆಸಿ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ನಿಮಗೆ ನಮೂನೆ 15 ಬಂದರೆ ಗಾಬರಿ ಬೇಡ: ಹಳೆಯ ಸಾಲವೂ ಅದರ ಬಿಡುಗಡೆಯೂ ಎರಡು ಪ್ರತ್ಯೇಕ ನಮೂದುಗಳಾಗಿ ಕಾಣಬೇಕು. ಮೊದಲನೆಯದಷ್ಟೇ ಇದ್ದರೆ ಕೆಲಸ ಬಾಕಿ ಇದೆ ಎಂದರ್ಥ.

ಪ್ರಶ್ನೆ: ‘ಉಸ್ತುವಾರಿ ಸಚಿವ’, ‘ಪ್ರಭಾರ ಪ್ರಾಂಶುಪಾಲ’ ಇಬ್ಬರೂ ಇನ್‌ಚಾರ್ಜ್ ತಾನೇ?
— ಓದುಗರು, ಕಲಬುರಗಿ

ಉತ್ತರ: ನಾವಾಡುವ ಇಂಗ್ಲಿಷಿನಲ್ಲಿ ಹೌದು, ಕನ್ನಡ ಹೆಚ್ಚು ಖಚಿತ. ಉಸ್ತುವಾರಿ ಮೇಲ್ವಿಚಾರಣೆ, ಪ್ರಭಾರ ಅಂದರೆ ಕಾಯಂ ನೇಮಕವಾಗದೆ ಹುದ್ದೆಯ ಹೊರೆ ಹೊತ್ತಿರುವುದು. ಇಂಗ್ಲಿಷಿನವರಿಗೆ ಇಂಥವರು ‘ಆ್ಯಕ್ಟಿಂಗ್ ಪ್ರಿನ್ಸಿಪಾಲ್’. ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’ ನಡುವೆ ಒಂದು ‘ದ’ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ನರ್ಸ್ ಮಗುವಿನ ‘ಇನ್ ಚಾರ್ಜ್’; ಮಗು ನರ್ಸಿನ ‘ಇನ್ ದ ಚಾರ್ಜ್’.

ಪ್ರಶ್ನೆ: ಅಣೆಕಟ್ಟೆಯ ಡಿಸ್ಚಾರ್ಜ್, ಆಸ್ಪತ್ರೆಯ ಡಿಸ್ಚಾರ್ಜ್?
— ಓದುಗರು, ಮಂಡ್ಯ

ಉತ್ತರ: ಹೊರೆ ಇಳಿಸುವುದೇ ಎರಡೂ. ರೋಗಿಗೆ ‘ಬಿಡುಗಡೆ’, ಗಾಯದಿಂದ ಒಸರುವುದಕ್ಕೆ ‘ಸ್ರಾವ’, ಅಣೆಕಟ್ಟೆಗೆ ‘ಹೊರಹರಿವು’. ಕೊನೆಯದನ್ನು ಕ್ಯುಸೆಕ್‌ನಲ್ಲಿ ಹೇಳುತ್ತಾರೆ: ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರು. ಕ್ಯುಸೆಕ್ ಹರಿವಿನ ದರ, ಟಿಎಂಸಿ (ನೂರು ಕೋಟಿ ಘನ ಅಡಿ) ನೀರಿನ ಗಾತ್ರ. ಇವೆರಡನ್ನೂ ಒಂದೇ ಎಂದುಕೊಂಡು ಜಗಳಾಡುವವರೇ ಹೆಚ್ಚು. ಕೆಆರ್‌ಎಸ್‌ನಿಂದ 10,000 ಕ್ಯುಸೆಕ್ ಒಂದು ಹಗಲು, ಒಂದು ರಾತ್ರಿ ಬಿಡದೆ ಹರಿದರೆ ಹೋಗುವ ನೀರು 0.864 ಟಿಎಂಸಿ.