ಫೋಟೊಗಳು ತೇಲಿದಂತೆ ಕಾಣದಿರಲು ನೆರಳು ಹೇಗಿರಬೇಕು?

ನಮಸ್ಕಾರ. ತೀರ್ಥಹಳ್ಳಿಯ ಅಜ್ಜನ ಮನೆಯ ಫೋಟೊಗಳನ್ನು ಡಿಜಿಟಲ್ ಸ್ಕ್ರ್ಯಾಪ್‌ಬುಕ್ (ಕಂಪ್ಯೂಟರ್‌ನಲ್ಲಿ ಅಲಂಕರಿಸಿ ಮಾಡುವ ಆಲ್ಬಮ್) ಪುಟದಲ್ಲಿ ಜೋಡಿಸಿದಾಗ, ನೆರಳು ಕೊಟ್ಟರೂ ಅವು ಗಾಳಿಯಲ್ಲಿ ತೇಲಿದಂತೆ ಏಕೆ ಕಾಣುತ್ತವೆ ಎಂದು ಕೇಳಿದ್ದೀರಿ. ಎಲ್ಲಕ್ಕೂ ಒಂದೇ ಅಳತೆಯ ನೆರಳು ಕೊಟ್ಟಿದ್ದರೆ ಹೀಗಾಗುತ್ತದೆ. ಬೆಳಕಿನ ದಿಕ್ಕು ಇಡೀ ಪುಟಕ್ಕೆ ಒಂದೇ ಇರಲಿ. ಆದರೆ ಕಾಗದಕ್ಕೆ ಅಂಟಿಕೊಂಡ ಫೋಟೊಗೆ ಕಿರಿದಾದ, ಗಾಢವಾದ ನೆರಳನ್ನೂ, ಉಬ್ಬಿ ನಿಲ್ಲುವ ರಿಬ್ಬನ್ ಅಥವಾ ಅಡಿಕೆ ಸಿಂಗಾರದ ಚಿತ್ರಕ್ಕೆ ತುಸು ದೂರ ಸರಿದ, ಅಂಚು ಮಸುಕಾದ ನೆರಳನ್ನೂ ಕೊಡಬೇಕು. ನೆರಳನ್ನು ಪ್ರತ್ಯೇಕ ಲೇಯರ್‌ನಲ್ಲಿಟ್ಟು (ಅಂದರೆ ಚಿತ್ರದ ಬೇರೆ ಪದರದಲ್ಲಿ), ಕೆಳಗಿನ ಬಣ್ಣದೊಡನೆ ಬೆರೆತು ಅದನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್ ಆರಿಸಿ, ಅಚ್ಚಗಪ್ಪಿನ ಬದಲು ಗಾಢ ಕಂದು ಬಣ್ಣ ತುಂಬಿ (ಹಳೆಯ ಫೋಟೊಗಳಿಗೆ ಅದೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ). ಆಕಾರವನ್ನು ಎಳೆದು ಬಾಗಿಸುವ ವಾರ್ಪ್ ಟೂಲ್‌ನಿಂದ ನೆರಳಿನ ಒಂದು ಮೂಲೆಯನ್ನಷ್ಟೇ ಹೊರಗೆಳೆದರೆ, ಫೋಟೊದ ಆ ಮೂಲೆ ಕಾಗದದಿಂದ ಎದ್ದಂತೆ ತೋರುತ್ತದೆ. ಶಿವಮೊಗ್ಗದಲ್ಲಿ ಮುದ್ರಿಸುವ ಯೋಚನೆಯಿದ್ದರೆ, 12 ಇಂಚಿನ ಚೌಕ ಪುಟವನ್ನು ಮೊದಲೇ, ಇಂಚಿಗೆ 300 ಪಿಕ್ಸೆಲ್‌ನಂತೆ, 3600 ಪಿಕ್ಸೆಲ್ ಅಗಲ, ಅಷ್ಟೇ ಎತ್ತರಕ್ಕೆ ತೆರೆದುಕೊಳ್ಳಿ.