ರೆಕ್ಕೆಯ ತುದಿಗೊಬ್ಬ ಕಂಡಕ್ಟರ್

ಪತ್ರ: ಕೋಲ್ಕತ್ತಾದಲ್ಲಿ ಇಂಡಿಗೋ ವಿಮಾನವೊಂದು ಸುಮ್ನೆ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ರೆಕ್ಕೆ ತಾಗಿಸಿದ್ದನ್ನು ಓದಿದೆ. ನಮ್ಮೂರ ಬಸ್ ಡ್ರೈವರ್ ಅಂಗೈಯಗಲ ಜಾಗದಲ್ಲಿ ರಿವರ್ಸ್ ತೆಗೆಯುತ್ತಾನೆ. ಲಕ್ಷಗಟ್ಟಲೆ ಸಂಬಳದ ಪೈಲಟ್‌ಗೆ ತನ್ನ ರೆಕ್ಕೆ ಕಾಣಲ್ವಾ? ಲೈಸೆನ್ಸ್ ಕಿತ್ತುಕೊಳ್ಳಬೇಕು. (ಹೋದ ಸಂಚಿಕೆಯಲ್ಲಿ ‘ವಿಮಾನದ ರೆಕ್ಕೆ’ ಅನ್ನುವುದು ‘ವಿಮಾನದ ರೊಕ್ಕ’ ಎಂದಾಗಿದೆ. ಗಮನಿಸಿ.)
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕಾಣಲ್ಲ ಮೇಷ್ಟ್ರೇ. ನಿಜವಾಗಿಯೂ ಕಾಣಲ್ಲ.

ನಿಮ್ಮ ಸಿಟ್ಟು ತಪ್ಪಲ್ಲ. 2024ರ ಮಾರ್ಚ್ 27ರಂದು ಚೆನ್ನೈಗೆ ಹೊರಟಿದ್ದ ವಿಮಾನ ರನ್‌ವೇಗೆ ಹೋಗಲು ಅಪ್ಪಣೆ ಕಾಯುತ್ತ ನಿಂತಿತ್ತು. ಬಿಹಾರದ ದರ್ಭಂಗಾಕ್ಕೆ ಹೊರಟಿದ್ದ ಇಂಡಿಗೋ ಬಂದು ತಾಗಿತು. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಇಂಡಿಗೋದ ಇಬ್ಬರೂ ಪೈಲಟ್‌ಗಳನ್ನು ಕೆಲಸದಿಂದ ದೂರ ಇಟ್ಟಿತು. ಸರಿಯಾಗೇ ಮಾಡಿತು. ಇಷ್ಟು ನಿಮ್ಮ ಪಾಲಿಗೆ.

ಈಗ ನನ್ನ ಮಾತು ಕೇಳಿ. ಆ ವಿಮಾನಗಳ ಅಗಲ ಸುಮಾರು 36 ಮೀಟರ್. ಮೂರು ಬಸ್ಸನ್ನು ಉದ್ದಕ್ಕೆ ನಿಲ್ಲಿಸಿದಷ್ಟು. ರೆಕ್ಕೆಗಳು ಹಿಂದಕ್ಕೆ ಬಾಗಿರುತ್ತವೆ, ಪೈಲಟ್ ಮೂಗಿನ ತುದಿಯಲ್ಲಿ ಕೂತಿರುತ್ತಾರೆ. ತಿರುವಿನಲ್ಲಿ ಹೊರಗಿನ ರೆಕ್ಕೆ ನಾವು ಅಂದುಕೊಂಡದ್ದಕ್ಕಿಂತ ಆಚೆಗೇ ಬೀಸುತ್ತದೆ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ತುದಿ ನೋಡಬೇಕಾದರೆ ಕಿಟಕಿ ತೆಗೆದು ತಲೆ ಹೊರಗೆ ಹಾಕಬೇಕು, ಅದು ಆಗುವ ಮಾತಲ್ಲ, ಕ್ಯಾಮೆರಾದಂಥದ್ದು ಕೂರಿಸಿ ಎಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲೇ ಹೇಳಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಡೆಲ್ಟಾ ಕಂಪನಿಯ ಎ350 ಎಂಬ ದೊಡ್ಡ ವಿಮಾನ ತನ್ನ ರೆಕ್ಕೆಯಿಂದ ಸಣ್ಣ ವಿಮಾನವೊಂದರ ಬಾಲವನ್ನೇ ಕಿತ್ತು ಹಾಕಿತು.

ಇನ್ನು ನಿಮ್ಮೂರ ಡ್ರೈವರ್. ಅವರು ರಿವರ್ಸ್ ತೆಗೆಯುವುದು ಬರೀ ತಮ್ಮ ಕಣ್ಣಿಂದಲಾ? ಹಿಂದೆ ಇಳಿದು ನಿಂತ ಕಂಡಕ್ಟರ್‌ನ ಮರೆತೇಬಿಟ್ಟಿರಲ್ಲ! ನಾನು ಚಿಕ್ಕವನಿದ್ದಾಗ ಚಾರ್ಮಾಡಿ ಘಾಟಿಯಲ್ಲಿ, ಮಳೆಗಾಲದ ರಾತ್ರಿ, ಮುಂದೆ ಮಣ್ಣು ಕುಸಿದು ನಮ್ಮ ಬಸ್ಸು ಒಂದು ತಿರುವಿನಷ್ಟು ಹಿಂದಕ್ಕೆ ಹೋಗಬೇಕಾಯಿತು. ಕಂಡಕ್ಟರ್ ತಲೆಗೆ ಗೋಣಿಚೀಲ ಹಾಕಿಕೊಂಡು, ಟಾರ್ಚ್ ಹಿಡಿದು, ಪ್ರಪಾತದ ಅಂಚಿಗೆ ನಿಂತರು. “ಬರ್ಲಿ... ಬರ್ಲಿ... ಹೋಲ್ಡಾನ್!” ಡ್ರೈವರ್ ಕನ್ನಡಿ ನೋಡಲಿಲ್ಲ. ಆ ದನಿಯನ್ನಷ್ಟೇ ಕೇಳುತ್ತಿದ್ದರು.

ಪುಷ್‌ಬ್ಯಾಕ್ ಅಂದರೂ ಇದೇ. ವಿಮಾನವನ್ನು ಟಗ್ ಎಂಬ ಗಾಡಿ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಯ ತುದಿಗಳ ಹತ್ತಿರ ಕೈಯಲ್ಲಿ ಕೋಲು ಹಿಡಿದು ನಡೆಯುವವರು ಬೇಕು. ಹೆಡ್‌ಸೆಟ್ ಹಾಕಿಕೊಂಡವರು ಕೆಳಗಿಂದ ಹೇಳಿದಾಗ ಕ್ಯಾಪ್ಟನ್ ಬ್ರೇಕ್ ಬಿಡುತ್ತಾರೆ. ಆಮೇಲೆ ಅವರ ಕಣ್ಣೆಲ್ಲ ಕೆಳಗಿನವರೇ. 2018ರ ಜನವರಿಯಲ್ಲಿ ಟೊರೊಂಟೊದಲ್ಲಿ ಟಗ್ ತಳ್ಳುತ್ತಿದ್ದ ಸನ್‌ವಿಂಗ್‌ನ ಖಾಲಿ ವಿಮಾನ, 168 ಪ್ರಯಾಣಿಕರಿದ್ದ ವೆಸ್ಟ್‌ಜೆಟ್ ವಿಮಾನಕ್ಕೆ ತಾಗಿ ಬೆಂಕಿ ಹತ್ತಿತು. ಜನ ಜಾರುಬಂಡೆಯಲ್ಲಿ ಇಳಿದು ಓಡಿದರು. ತಾಗಿಸಿದ ವಿಮಾನದಲ್ಲಿ ಪೈಲಟ್ಟೇ ಇರಲಿಲ್ಲ. ಈಗ ಯಾರ ಲೈಸೆನ್ಸ್ ಕಿತ್ತುಕೊಳ್ಳೋಣ ಹೇಳಿ?



ಮುಂಬೈನಲ್ಲಿ 2015ರ ಡಿಸೆಂಬರ್‌ನಲ್ಲಿ ಪುಷ್‌ಬ್ಯಾಕ್ ಹೊತ್ತಿಗೆ ಏರ್ ಇಂಡಿಯಾದ ತಂತ್ರಜ್ಞರೊಬ್ಬರನ್ನು ಎಂಜಿನ್ ಒಳಗೆ ಎಳೆದುಕೊಂಡಿತು. ಅಂಥವರು ಬಿಸಿಲಲ್ಲಿ, ಕಿವಿ ಮುಚ್ಚಿಕೊಂಡು, ಕಾಂಕ್ರೀಟ್ ಮೇಲೆ ನಡೆಯುತ್ತಾರೆ. ಕಿಟಕಿಯಿಂದ ನೋಡುವ ನಾವು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತೇವೆ.

ಹಿಂದೆ ನಿಂತು ನೋಡುವವರಿಗೆ ಸಂಬಳ ಕೊಡುವುದು ದಂಡ ಅಂತ ನಮಗೆ ಯಾವಾಗ ಅನ್ನಿಸತೊಡಗಿತೋ! ಲಾರಿಯ ತಗಡು ಬಡಿದು ದಾರಿ ಹೇಳುತ್ತಿದ್ದ ಕ್ಲೀನರ್ ಈಗ ಅಪರೂಪ. ಎಷ್ಟೋ ಬಸ್ಸಿನಲ್ಲಿ ಡ್ರೈವರೇ ಕಂಡಕ್ಟರ್. ಟಿಕೆಟ್ ಹರಿಯುವುದೇನೋ ಆಗುತ್ತದೆ, ಬಿಡಿ. ಹಿಂದೆ ಇಳಿದು ನಿಲ್ಲುವವರು ಯಾರು?

ಅಂದ ಹಾಗೆ, ಆ ರೊಕ್ಕದ ವಿಷಯ. ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರು ಹೋದ ವರ್ಷ ನಿವೃತ್ತರಾದರು. ಆ ಕುರ್ಚಿ ಇನ್ನೂ ಖಾಲಿ ಇದೆ. ಆ ಪುಟವನ್ನು ಬರೆದವನೂ ನಾನೇ, ತಿದ್ದಿದವನೂ ನಾನೇ ಮೇಷ್ಟ್ರೇ.