ಬೋರ್ಡ್ ಹಿಡಿದು ನಿಂತವನು ನಮ್ಮ ಡ್ರೈವರ್ ಹೌದೋ ಅಲ್ವೋ?

ಪ್ರಶ್ನೆ: ನನಗೆ 61 ವರ್ಷ, ಊರು ಬೆಟಗೇರಿ. ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಒಬ್ಬಳೇ ಹೊರಟಿದ್ದೇನೆ. ಬೆಂಗಳೂರಿನ ತನಕ ತಮ್ಮ ಬರುತ್ತಾನೆ. ನಾನು ಇಳಿಯುವ ದಿನ ಅಳಿಯ ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಹೀಥ್ರೋ ವಿಮಾನ ನಿಲ್ದಾಣಕ್ಕೆ ಖಾಸಗಿ ಕಾರು ಬುಕ್ ಮಾಡುತ್ತೇನೆ, ಡ್ರೈವರ್ ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾನೆ ಎಂದಿದ್ದಾರೆ. ಇಂಗ್ಲಿಷ್ ಓದುತ್ತೇನೆ, ಮಾತಾಡಲು ಬರುವುದಿಲ್ಲ. ಅವನು ಸಿಗದಿದ್ದರೆ? ಸಿಕ್ಕವನು ಬೇರೆ ಯಾರೋ ಆಗಿದ್ದರೆ? ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ಉತ್ತರ: ಅಕ್ಕಾ, ನಾನು ಹುಬ್ಬಳ್ಳಿಯಲ್ಲಿ 18 ವರ್ಷ ಟ್ಯಾಕ್ಸಿ ಓಡಿಸಿದವನು. ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಬೋರ್ಡ್ ಹಿಡಿದು ನಿಂತದ್ದಕ್ಕೆ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಮಗನ ಮನೆಗೆ ಹೋದಾಗ ಹೀಥ್ರೋದಲ್ಲಿ ನನ್ನ ಹೆಸರಿನ ಬೋರ್ಡ್ ನಾನೇ ಹುಡುಕಿದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಇಂಥ ಗೊಂದಲದ ಬೇರು ಬಹಳ ಸಲ ಬುಕಿಂಗ್‌ನಲ್ಲೇ ಇರುತ್ತದೆ. ಅದನ್ನು ಈಗಲೇ, ಮನೆಯಲ್ಲಿ ಕೂತೇ ಸರಿ ಮಾಡಿಸಬಹುದು.

ಮೊದಲು ಹೆಸರು. ಒಮ್ಮೆ ಬೆಂಗಳೂರಿನ ವಿಮಾನಕ್ಕೆ 'ಪಾಟೀಲ' ಎಂದಷ್ಟೇ ಬರೆದ ಬೋರ್ಡ್ ಹಿಡಿದಿದ್ದೆ. ಬುಕಿಂಗ್ ಆಫೀಸಿನವರು ಅಷ್ಟೇ ಹೇಳಿದ್ದರು. ನಮ್ಮ ಕಡೆಯ ವಿಮಾನದಲ್ಲಿ ಪಾಟೀಲರು ಒಬ್ಬರೇ ಇರುತ್ತಾರಾ? ಮೊದಲು ಬಂದವರನ್ನು ಕೂರಿಸಿಕೊಂಡು ಹೊರಟುಬಿಟ್ಟೆ. ಅವರೂ ಧಾರವಾಡಕ್ಕೇ ಹೋಗುವವರು. ಉಣಕಲ್ ಕೆರೆ ಹತ್ತಿರ ಬಂದಾಗ ಫೋನ್ ಬಂತು. ನಾನು ಕರೆದೊಯ್ಯಬೇಕಿದ್ದವರು ಒಬ್ಬ ವಯಸ್ಸಾದ ತಾಯಿ. ಆಸ್ಪತ್ರೆಯಲ್ಲಿದ್ದ ಮಗನನ್ನು ನೋಡಲು ಬಂದವರು. ಇದ್ದವರನ್ನು ಇಳಿಸಿ ವಾಪಸ್ ಹೋಗುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನನ್ನನ್ನು ಬೈಯಲಿಲ್ಲ. 'ಬಂದ್ಯಾ ಅಪ್ಪಾ' ಎಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಅಕ್ಕಾ, ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರನ್ನೇ ಬೋರ್ಡ್ ಮೇಲೆ ಬರೆಯಲು ಅಳಿಯನಿಗೆ ಹೇಳಿಸಿ. ಬೋರ್ಡ್ ಕಂಡ ಕೂಡಲೇ ನೀವಾಗಿ ಏನನ್ನೂ ಹೇಳಬೇಡಿ. 'ವಿಚ್ ಅಡ್ರೆಸ್?' ಎಂದು ಕೇಳಿ, ಅಷ್ಟು ಸಾಕು. ಅವನು ಮಗಳ ಮನೆಯ ರಸ್ತೆ ಹೆಸರು, ಪೋಸ್ಟ್‌ಕೋಡ್ ತಾನೇ ಹೇಳಬೇಕು. ನಿಮ್ಮ ಕೈಯ ಚೀಟಿ ಜೊತೆ ಹೊಂದಿದರೆ ಮಾತ್ರ ಬ್ಯಾಗು ಅವನ ಕೈಗೆ. ಬೋರ್ಡ್ ನೋಡಿ ಹೆಸರು ಬರೆದುಕೊಳ್ಳುವುದು ಯಾರಿಗಾದರೂ ಸುಲಭ, ವಿಳಾಸ ಹಾಗೆ ಸಿಗುವುದಿಲ್ಲ.

ಬುಕಿಂಗ್‌ನಲ್ಲಿ ವಿಮಾನದ ನಂಬರ್ ಇರಲೇಬೇಕು. ಅದಿದ್ದರೆ ವಿಮಾನ ತಡವಾದದ್ದು ಡ್ರೈವರಿಗೆ ಗೊತ್ತಾಗುತ್ತದೆ. ಟರ್ಮಿನಲ್ ನಂಬರೂ ಬೇಕು. ಹೀಥ್ರೋದಲ್ಲಿ ಈಗ 2, 3, 4, 5 ಎಂದು ನಾಲ್ಕು ಟರ್ಮಿನಲ್‌ಗಳಿವೆ, 1ನೆಯದನ್ನು 2015ರಲ್ಲೇ ಮುಚ್ಚಿದರು. ಅವನು ಒಂದರಲ್ಲಿ, ನೀವು ಇನ್ನೊಂದರಲ್ಲಿ ನಿಂತರೆ ಕಷ್ಟ. ಸಮಯವನ್ನು ಅಲ್ಲಿಯ ಗಡಿಯಾರದಲ್ಲೇ ಬರೆಸಿ. ಜನವರಿಯಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ನಡುರಾತ್ರಿ ದಾಟಿ ಹೊರಡುವ ವಿಮಾನವಾದರೆ ತಾರೀಖನ್ನು ಎರಡು ಸಲ ನೋಡಿ. ತಾರೀಖು ತಪ್ಪಾಗಿ ಒಂದು ದಿನ ಮೊದಲೇ ಹೋಗಿ ಕಾದು ಬಂದವನು ನಾನು.

ಕಾಯುವ ಹೊತ್ತಿನ ವಿಷಯವನ್ನು ಅಳಿಯ ಬಿಡಿಸಿ ಕೇಳಲಿ. ವಿಮಾನ ಇಳಿದ ಮೇಲೆ ಎಷ್ಟು ಹೊತ್ತು ಪುಕ್ಕಟೆ ಕಾಯುತ್ತಾರೆ, ಆಮೇಲೆ ಎಷ್ಟು ದುಡ್ಡು, ಪಾರ್ಕಿಂಗ್ ಬಾಡಿಗೆಯಲ್ಲೇ ಸೇರಿದೆಯಾ ಎಂದು. ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಮ್ಮಂಥವರಿಗೆ ಗಂಟೆಗಟ್ಟಲೆ ಹಿಡಿಯುವುದುಂಟು. ಆಮೇಲೆ ಬ್ಯಾಗು, ಆಮೇಲೆ ಕಸ್ಟಮ್ಸ್, ಅದೆಲ್ಲ ದಾಟಿದ ಮೇಲೆ ಡ್ರೈವರ್. ಹಾಗಾಗಿ ಇಳಿದ ಒಂದೂವರೆ ಗಂಟೆಯ ನಂತರದ ಸಮಯ ಕೊಟ್ಟರೆ ಒಳ್ಳೆಯದು. ಇನ್ನೊಂದು ಮಾತು, ಮಗಳಿಗೆಂದು ತುಪ್ಪ, ಧಾರವಾಡ ಪೇಡಾ ಕಟ್ಟಿಕೊಂಡು ಹೋಗಬೇಡಿ. ನಮ್ಮ ದೇಶದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಅದಕ್ಕೇ ನಿಮ್ಮನ್ನು ನಿಲ್ಲಿಸಿಕೊಂಡರೆ ಹೊರಗೆ ಕಾರು ಕಾಯುತ್ತಿರುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ.

ನಡೆಯಲು ಬರುತ್ತಿದ್ದರೂ ವಿಮಾನದವರಿಗೆ ಎರಡು ದಿನ ಮೊದಲೇ ಹೇಳಿ ವೀಲ್‌ಚೇರ್ ಸಹಾಯ ಕೇಳಿಕೊಳ್ಳಿ. ಅದಕ್ಕೆ ದುಡ್ಡಿಲ್ಲ. 61ರ ವಯಸ್ಸು, ಒಬ್ಬರೇ, ಭಾಷೆ ಬಾರದು. ಕೇಳಲು ಸಂಕೋಚವೇ ಬೇಡ. ಆ ಸಹಾಯಕರು ತಪಾಸಣೆ ದಾಟಿಸಿ, ಬ್ಯಾಗು ಎತ್ತಿಸಿ, ಬೋರ್ಡ್ ಹಿಡಿದವರು ನಿಲ್ಲುವ ಜಾಗದವರೆಗೆ ಕರೆತರುತ್ತಾರೆ. ನಿಮ್ಮ ಚೀಟಿಯನ್ನು ಅವರಿಗೆ ತೋರಿಸಿದರೆ ಬೋರ್ಡನ್ನೂ ಅವರೇ ಹುಡುಕಿಕೊಡುತ್ತಾರೆ. ನನ್ನ ಹೆಂಡತಿಗೆ ಹಾಗೇ ಮಾಡಿಸಿದ್ದೆ.

'ಟ್ಯಾಕ್ಸಿ, ಟ್ಯಾಕ್ಸಿ' ಎಂದು ಯಾರಾದರೂ ತಾವಾಗಿ ಹತ್ತಿರ ಬಂದರೆ 'ನೋ' ಎಂದು ಮುಂದೆ ನಡೆಯಿರಿ. ಹಾಗೆ ಗಿರಾಕಿ ಹಿಡಿಯುವುದು ಅಲ್ಲಿ ಅಪರಾಧ. ಖಾಸಗಿ ಬಾಡಿಗೆ ಕಾರನ್ನು ಮೊದಲೇ ಬುಕ್ ಮಾಡಿರಬೇಕೆಂಬುದು ಅಲ್ಲಿಯ ಕಾನೂನು.

ಡ್ರೈವರ್ ಕಾಣದಿದ್ದರೆ? ಒಳಗೇ, ಬೋರ್ಡ್ ಹಿಡಿದವರ ಎದುರಿಗೇ ನಿಂತುಕೊಳ್ಳಿ. ಇದನ್ನು ಕೈಮುಗಿದು ಹೇಳುತ್ತೇನೆ. ಹೊರಗೆ ಹೋಗಿ ನೋಡೋಣ, ಆ ಬಾಗಿಲಲ್ಲಿ ನೋಡೋಣ ಎಂದು ಅಡ್ಡಾಡಿದರೆ ಹುಡುಕುವವನಿಗೂ ಸಿಗುವುದಿಲ್ಲ. ಗದಗ ಬಿಡುವ ಮೊದಲೇ ಫೋನಿಗೆ ವಿದೇಶಿ ರೋಮಿಂಗ್ ಹಾಕಿಸಿಕೊಳ್ಳಿ. ನಿಲ್ದಾಣದಲ್ಲಿ ಪುಕ್ಕಟೆ ವೈಫೈ ಇದೆ, ಆದರೂ ಅದೊಂದನ್ನೇ ನಂಬಬೇಡಿ. ಮಗಳ ವಿಳಾಸ, ಅಳಿಯನ ನಂಬರ್, ಕಾರಿನವರ ನಂಬರ್, ಬುಕಿಂಗ್ ನಂಬರ್ ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿಡಿ. ಅರ್ಧ ಗಂಟೆಯಾದರೂ ಯಾರೂ ಬರದಿದ್ದರೆ ಆ ಹಾಳೆಯನ್ನು ಮಾಹಿತಿ ಕೌಂಟರಿನಲ್ಲಿ ತೋರಿಸಿ, ಅವರೇ ಫೋನ್ ಮಾಡುತ್ತಾರೆ. ಅದೂ ಆಗದಿದ್ದರೆ ಹೊರಗೆ ಅಧಿಕೃತ ಸ್ಟ್ಯಾಂಡಿನಲ್ಲಿ ಕಪ್ಪು ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತವೆ. ದುಬಾರಿ, ಆದರೆ ನಂಬಬಹುದು.

ಅಲ್ಲಿಂದ ರೆಡಿಂಗ್ ಎಂದರೆ ಗದಗದಿಂದ ಹುಬ್ಬಳ್ಳಿಗೆ ಬಂದಷ್ಟು ದೂರವೂ ಇಲ್ಲ. ದೊಡ್ಡ ಹೆದ್ದಾರಿ, ಹೆಸರು ಎಂ4. ಹಿಂದಿನ ಸೀಟಿನಲ್ಲೂ ಬೆಲ್ಟ್ ಕಡ್ಡಾಯ. ಬೆಲ್ಟ್ ಹಾಕಿಕೊಂಡು ಕೂತ ಮೇಲೆ ಮಗಳಿಗೆ ಫೋನ್ ಹಚ್ಚಿ, ಹೊರಟೆ ಅಂತ ಹೇಳಿ.